ಗಂಟು ಹಾಕಿದ ದಾರ

ಕಿರವತ್ತಿಯ ಚನ್ನಬಸವ ಎಂದು ಬರೆಯುತ್ತೇನೆ. ನಿಜವಾದ ಹೆಸರು ಬೇರೆ. ಯಲ್ಲಾಪುರದಲ್ಲಿ ನಾಗಪತಿಯವರ ಅಂಗಡಿಯಿಂದ ಬಂದು ಟಿವಿ, ಹೋಂ ಥಿಯೇಟರ್ ಜೋಡಿಸಿಕೊಡುವವರು. ಹನ್ನೆರಡು ವರ್ಷ ಪಳಗಿದ ಕೈ.

ನಮ್ಮ ಮದುವೆಯ ಡಿವಿಡಿ ಮಸುಕು ಮಸುಕು ಎಂದು ಕರೆಸಿದ್ದೆವು. ಚಿತ್ರಕ್ಕೆ ಹಳದಿ ತಂತಿಯೊಂದೇ ಇತ್ತು. "ಬೆಳಕು, ಬಣ್ಣ ಎಲ್ಲಾ ಒಂದ ಸಂದ್ಯಾಗ ನುಗ್ಗಿದ್ರ ಕಲಸಿ ಹೋಗ್ತಾವ್ರಿ ಅಕ್ಕಾರ" ಎಂದು ಅದನ್ನು ತೆಗೆದು ಹಸಿರು, ನೀಲಿ, ಕೆಂಪು ಮೂರು ತಂತಿ ಹಾಕಿದರು. ಅತ್ತೆಯ ಸೀರೆಯಂಚಿನ ಎಳೆ ಎಳೆಯೂ ಎದ್ದು ಕಂಡಿತು. ಧ್ವನಿಗೆ ಬಿಳಿ, ಕೆಂಪು ಬೇರೆ. ಕೆಲವು ತಂತಿಗಳ ತುದಿಗೆ ಗಂಟು ಹಾಕಿದ ದಾರ ಕಟ್ಟಿದ್ದರು.

ಆ ದಾರವೇ ನನ್ನ ನಿದ್ದೆ ಕೆಡಿಸಿತು. ಮಗಳು ಅಭಿಜ್ಞಾಗೆ ಹತ್ತು ತಿಂಗಳು, ಕಂಡದ್ದೆಲ್ಲ ಬಾಯಿಗೆ. ತಂತಿಗಳನ್ನು ಟಿವಿಯಿಂದ ಕಿತ್ತು, ದಾರ ಕತ್ತರಿಸಿ, ಬಣ್ಣಕ್ಕೆ ಬಣ್ಣ ನೋಡಿ ಮತ್ತೆ ಚುಚ್ಚಿದೆ. ಎಲ್ಲರ ಮುಖವೂ ಹಸಿರು!

"ಇದೆಂತದೇ, ಎನ್ನ ಮೋರೆ ಹಾಗಲಕಾಯಿ ಆಯ್ದಲೆ!" ಎಂದರು ಅತ್ತೆ.

ಡಿವಿಡಿಯ ಕಡೆ ಅವರೇ ತಪ್ಪು ಜೋಡಿಸಿರಬೇಕೆಂದು ಅಂಗಡಿಗೆ ಫೋನ್ ಮಾಡಿದೆ. "ಬಣ್ಣದ ಗುರುತೇ ಇಲ್ಲದವರನ್ನ ಕಳಿಸ್ತೀರಲ್ಲ!" ಸ್ಪೀಕರ್ ಹಾಕಿದ್ದರೇನೋ, ಗಿರಾಕಿಗಳು ನಕ್ಕದ್ದು ಕೇಳಿಸಿತು. ನನಗದು ಹಿತವಾಗಿಯೇ ಇತ್ತು.

ಚನ್ನಬಸವ ಬಂದು ಟಿವಿಯ ಹಿಂದೆ ಕೈ ಹಾಕಿ ತಡಕಿದರು. "ದಾರ ಎಲ್ಲಿ ಹೋದವ್ರಿ?"

"ಮಗು ಬಾಯಿಗೆ ಹಾಕತ್ತೆ ಅಂತ ಕತ್ತರಿಸಿದೆ."

ತಂತಿಯ ತುದಿಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಅತ್ತೆ ಒಳಗೆ ಹೋದ ಮೇಲೆ ತಗ್ಗಿದ ದನಿಯಲ್ಲಿ, "ಇದ್ರಾಗ ಹಸರು ಯಾವ್ದು ಹೇಳ್ರಿ. ಕೆಂಪು, ಹಸರು ನನ್ನ ಕಣ್ಣಿಗೆ ಒಂದ ನಮೂನಿ. ಹಸರಿಗೆ ಒಂದು ಗಂಟು, ಚಿತ್ರದ ಕೆಂಪಿಗೆ ಎರಡು, ಧ್ವನಿ ಕೆಂಪಿಗೆ ಮೂರು ಹಾಕಿದ್ದೆ. ಸಾಹುಕಾರ್ರಿಗೆ ಗೊತ್ತಿಲ್ರಿ. ಗೊತ್ತಾದ್ರ ನಾಳಿಂದ ಬ್ಯಾಡ ಅಂತಾರ" ಎಂದರು.

ಬೆರಳು ಮಾಡಿ ತೋರಿಸುವಾಗಲೇ ತಿಳಿಯಿತು: ಟಿವಿಯಲ್ಲಿ ಕೆಂಪು ತೂತು ಎರಡು. ಚಿತ್ರದ ಕೆಂಪನ್ನು ಧ್ವನಿಯದಕ್ಕೆ, ಧ್ವನಿಯದನ್ನು ಚಿತ್ರದ್ದಕ್ಕೆ ಚುಚ್ಚಿದವಳು ನಾನು. ಬದಲಿಸಿದ ಕೂಡಲೇ ಮುಖಗಳು ಮುಖಗಳಾದವು.

ಅಷ್ಟರಲ್ಲಿ ನಾಗಪತಿಯವರ ಫೋನ್. "ಎಂತ ಆಗಿತ್ತು ತಂಗಿ? ಅವಂದೇ ತಪ್ಪಾ?"

ಚನ್ನಬಸವ ತಲೆ ಎತ್ತಲಿಲ್ಲ.

"ಅಲ್ಲ, ನಾನೇ ತಪ್ಪು ಚುಚ್ಚಿದ್ದೆ. ಸ್ಪೀಕರ್ ಹಾಕಿ, ಎಲ್ಲರಿಗೂ ಕೇಳೋ ಹಾಗೆ ಹೇಳ್ತೀನಿ."

"ಈಗ ಯಾರಿದ್ದಾರೆ ಇಲ್ಲಿ! ಎಲ್ಲ ಹೋದ್ರು."

ನಕ್ಕವರು ನಗುತ್ತಲೇ ಮನೆಗೆ ಹೋಗಿದ್ದರು.

"ಒಂದೀಟು ದಾರ ಕೊಡ್ರಿ ಅಕ್ಕಾರ" ಎಂದರು ಚನ್ನಬಸವ. ಕೊಟ್ಟೆ. ಗಂಟು ಬಿಗಿದು, ಉಳಿದ ತುದಿಯನ್ನು ಹಲ್ಲಿನಿಂದ ಕಡಿದು, "ಪಾಪುನ ಕೈಗೆ ಸಿಗಂಗಿಲ್ರಿ, ಹೆದರಬ್ಯಾಡ್ರಿ" ಎಂದರು.