ಎಣ್ಣೆ ಕಾಣದ ಸಾಲು

ಬೆಳಗಿನ ಆರು ಗಂಟೆ. ಧಾರವಾಡದ ಕಾಲೇಜೊಂದರ ಹಿಂಬದಿಯ ಹಂಚಿನ ಕೋಣೆಯಲ್ಲಿ ಕಸ್ತೂರೆವ್ವ ಕಡಲೆಹಿಟ್ಟು ಹಚ್ಚಿ ಕೈ ತೊಳೆಯುತ್ತಿದ್ದಾರೆ. ಒಮ್ಮೆಯಲ್ಲ, ಮೂರು ಸಲ. ಬೆರಳು ಮೂಸಿ ನೋಡಿ, ಸಮಾಧಾನವಾದ ಮೇಲೆಯೇ ಚಿನ್ನ ತೂಗುವ ಪುಟ್ಟ ತಕ್ಕಡಿ ಎತ್ತಿಕೊಳ್ಳುತ್ತಾರೆ. ಎದುರಿಗೆ ಮೂರು ಸಾಲು ಗೂಡುಗಳಲ್ಲಿ ನಲವತ್ತೆಂಟು ಬಿಳಿ ಇಲಿಗಳ ಗದ್ದಲ. "ತಡೀರಿ, ನನಗೂ ಎರಡ ಕೈ ಅದಾವ," ಎಂದು ಅವುಗಳನ್ನೇ ಗದರುತ್ತಾರೆ.

ಇಲಿಗೆ ದಿನಕ್ಕೆ ನಾಲ್ಕು ಗ್ರಾಂ ಊಟ. ಮೊದಲ ಸಾಲಿಗೆ ಎಣ್ಣೆ ತೆಗೆದ ಹಿಟ್ಟಿನ ಉಂಡೆ, ಎರಡನೆಯದಕ್ಕೆ ಹಿತಮಿತವಾಗಿ ಕುಸುಬಿ ಎಣ್ಣೆ, ಮೂರನೆಯದಕ್ಕೆ ಜಿಡ್ಡು ಜಿನುಗುವಷ್ಟು. ವಾರಕ್ಕೆರಡು ಸಲ ಸಂಶೋಧಕ ಶಾಬುದ್ದೀನ ಅವರು ಎಲ್ಲ ಇಲಿಗಳ ಬೆನ್ನಿನ ಕೂದಲು ತೆಗೆದು ಡಾಂಬರಿನ ಸಾರ ಸವರುತ್ತಾರೆ. ಉಣ್ಣುವ ಕೊಬ್ಬಿಗೂ ಡಾಂಬರಿನಿಂದ ಚರ್ಮದಲ್ಲಿ ಏಳುವ ಕ್ಯಾನ್ಸರ್ ಗಂಟಿಗೂ ನಂಟಿದೆಯೇ ಎಂಬುದು ಅವರ ಪ್ರಶ್ನೆ. ಉತ್ತರ ಸಿಗಬೇಕಾದರೆ ಮೂರು ಸಾಲಿನ ಊಟ ಬೆರೆಯಬಾರದು. ಅದನ್ನು ಕಾಯುವವರು ಕಸ್ತೂರೆವ್ವ.

ಕೆಲಗೇರಿಯಿಂದ ನಡೆದೇ ಬರುವ ಇವರಿಗೆ ಐವತ್ತರ ಆಸುಪಾಸು. ಶಾಲೆಯ ಮುಖ ಕಂಡವರಲ್ಲ. ಪತಿ ಸೋಮಪ್ಪ ರಸ್ತೆಗೆ ಡಾಂಬರು ಹಾಕುವ ಕೂಲಿಯಾಗಿದ್ದರು. ಮುಂಗೈ ಮೇಲೆ ಎದ್ದ ಹುಣ್ಣು ಮಾಯಲಿಲ್ಲ; ಅದು ಕ್ಯಾನ್ಸರ್ ಆಗಿತ್ತು. ಆರು ವರ್ಷದ ಹಿಂದೆ, ಐವತ್ತೆಂಟನೆಯ ವಯಸ್ಸಿನಲ್ಲಿ ತೀರಿಕೊಂಡರು. "ಹದಿನಾಲ್ಕ ಮಂದಿ ಕೂಡೇ ಡಾಂಬರ ಹಾಕತಿದ್ರು. ಹುಣ್ಣ ಇವ್ರಿಗಷ್ಟ ಯಾಕ ಆತು? ಉಣ್ಣೂದರಾಗ ಏನರೆ ಇತ್ತೇನು? ಅದ ನನಗ ತಿಳೀಬೇಕ್ರಿ."

ತಿಳಿಯುವ ದಾರಿಗೆ ಹೋದ ವರ್ಷ ತಾವೇ ಅಡ್ಡಬಂದರು. ಮೊದಲ ಸಾಲಿನ ಇಲಿಗಳ ಬಾಲ ಒಡೆದು ಹೊಟ್ಟು ಏಳತೊಡಗಿತ್ತು. ನಮ್ಮ ಕಡೆ ಚಟ್ನಿಪುಡಿಗೆ ಎಣ್ಣೆ ಬಿಡದೆ ರೊಟ್ಟಿ ಬಡಿಸುವುದೆಂದರೆ ಉಣ್ಣುವವರಿಗೆ ಮಾಡಿದ ಅವಮಾನ. ಇಲಿಯಾದರೇನು, ಇವರ ಜೀವ ತಡೆಯಲಿಲ್ಲ. ದಿನಾ ಉಂಡೆಗೊಂದು ಹನಿ ಕುಸುಬಿ ಎಣ್ಣೆ ಬಿಟ್ಟರು. ಕೆಲವು ವಾರಗಳಲ್ಲಿ ಬಾಲ ನುಣುಪಾಯಿತು. ಶಾಬುದ್ದೀನರು ಬೆರಗಾಗಿ, ಚರ್ಮ ತಾನಾಗಿಯೇ ವಾಸಿಯಾಯಿತೆಂದು ಬರೆಯಲು ಪೆನ್ನು ತೆಗೆದಾಗ ಇವರು ಮುಂದೆ ಬಂದು ನಿಂತರು.

"'ಬರೀಬ್ಯಾಡ್ರಿ ಸರ, ಎಣ್ಣಿ ನಾನ ಹಾಕೇನಿ' ಅಂದ್ನಿ. ಅವರು ಪೆನ್ನ ಮುಚ್ಚಿ ಕಿಸೇದಾಗ ಇಟ್ಕೊಂಡ್ರು. ಬೈದಿದ್ರ ಛಲೋ ಇತ್ತು."

ಏಳು ತಿಂಗಳ ದುಡಿಮೆ ನೀರಿನಲ್ಲಿ ಹೋಮ ಮಾಡಿದಂತಾಯಿತು. ಹೊಸ ಇಲಿ ತಂದು ಮತ್ತೆ ಮೊದಲಿನಿಂದ ಶುರು. ಈ ಸಲವೂ ಕೆಟ್ಟರೆ ಕೋಣೆಗೆ ಬೀಗ ಎಂದು ಮೇಲಿನವರು ಹೇಳಿದ್ದಾರೆ. ಊಟ ಹಾಕುವ ಕೆಲಸ ಬೇರೆಯವರಿಗೆ ಕೊಡಿ ಎಂದವರಿಗೆ ಶಾಬುದ್ದೀನರದು ಒಂದೇ ಉತ್ತರ: "ಮಾಡಿದ ತಪ್ಪು ತಾವ ಬಂದು ಹೇಳೋರು ಇವರೊಬ್ಬರ."

ಅಂದಿನಿಂದ ಕಸ್ತೂರೆವ್ವ ತಲೆಗೂ ಎಣ್ಣೆ ಹಚ್ಚಿಲ್ಲ. ಕೂದಲಿನ ಜಿಡ್ಡು ಕೈಗಂಟಿ ಮೊದಲ ಸಾಲಿನ ಉಂಡೆಗೆ ಹೋದರೆ? ಹಾಗೆ ಮಾಡಲು ಯಾರೂ ಹೇಳಿದ್ದಲ್ಲ. ಕೆದರಿದ ತಲೆ ಕಂಡ ನೆರೆಮನೆಯ ಬಾಳವ್ವ, "ಯಾರ ಸೂತಕ ಬಂತ ನಿಮಗ?" ಎಂದು ಕೇಳಿದ್ದುಂಟು. ಈ ನಿಷ್ಠೆಗೆ ನನಗಂತೂ ಕೈ ಮುಗಿಯುವ ಹಾಗಾಯಿತು.

ಈಗ ಕಾಣುತ್ತಿರುವುದೇ ಸೋಜಿಗ. ಎಣ್ಣೆ ಕಾಣದ ಸಾಲಿನ ಚರ್ಮ ಬಿರಿಯುತ್ತಿದೆ. ಎಣ್ಣೆಯಲ್ಲೇ ಮಿಂದ ಮೂರನೆಯ ಸಾಲಿನಲ್ಲಿ ಗಂಟುಗಳು ಬೇಗ ಏಳುತ್ತಿವೆ. ಇಲಿಗೆ ಆದದ್ದು ಮನುಷ್ಯನಿಗೂ ಆಗುತ್ತದೆಂದು ಹೇಳಲು ಶಾಬುದ್ದೀನರು ಒಲ್ಲರು. ಕಸ್ತೂರೆವ್ವನ ತಲೆಯಲ್ಲಿ ಮಾತ್ರ ಪ್ರಶ್ನೆ ನಿಂತಿಲ್ಲ. "ಇಲ್ಲದಿದ್ರ ಒಂದ ತ್ರಾಸ, ಹೆಚ್ಚಾದ್ರ ಒಂದ ತ್ರಾಸ. ಹಂಗಾರ ಎಷ್ಟ ಹನಿ ಹಿತಾ ಅಂತ ಯಾರ ಹೇಳಬೇಕ್ರಿ?"

ಪ್ರಯೋಗ ಮುಗಿಯಲು ಇನ್ನು ಹನ್ನೊಂದು ದಿನ. ಕೊನೆಯ ಇಲಿಯ ಚರ್ಮ ನೋಡಿ ಬರೆದಾದ ಮೇಲೆ, ಮೊದಲ ಸಾಲಿಗೆ ಒಂದು ಹೊತ್ತು ಎಣ್ಣೆ ಹಾಕಿ ಉಣಿಸಲು ಅಪ್ಪಣೆ ಕೇಳಿದ್ದಾರೆ. ಸಿಕ್ಕಿದೆ. ಗೂಡಿನ ಮೇಲೆ ಕುಸುಬಿ ಎಣ್ಣೆಯ ಬಾಟಲಿ ಬಿರಡೆ ಬಿಗಿದುಕೊಂಡು ಕೂತಿದೆ.

"ಮೊದಲ ಅವಕ್ಕ ಹಾಕತೇನ್ರಿ," ಎನ್ನುತ್ತಾರೆ, ಒಣಗಿದ ಕೂದಲನ್ನು ಸೆರಗಿನೊಳಗೆ ಸರಿಸುತ್ತ. "ಆಮ್ಯಾಲ ನನ್ನ ತಲಿಗೆ."