ಅಜ್ಜಿ ತಟ್ಟೆಯಲ್ಲಿ ತಾಳ ಹಾಕಿದ ಬೆಳಿಗ್ಗೆ

ಕಳೆದ ವರ್ಷ ದೀಪಾವಳಿ ಮುಗಿದ ವಾರ. ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡಿದ್ದ ಅಜ್ಜನನ್ನು ಸಾಗರದ ಆಸ್ಪತ್ರೆಯಿಂದ ಹೊಸನಗರದ ಮನೆಗೆ ಕರೆತಂದಿದ್ದೆವು. ಆಪರೇಷನ್ ಚೆನ್ನಾಗಿಯೇ ಆಗಿತ್ತು. "ದಿನಾ ವಾಕರ್ ಹಿಡಿಸಿ ನಡೆಸಿ. ಮಲಗಿಬಿಟ್ರೆ ಆಮೇಲೆ ಏಳಿಸೋದು ಕಷ್ಟ" ಎಂದು ಡಾಕ್ಟರು ಹೇಳಿ ಕಳಿಸಿದ್ದರು.

ಅಜ್ಜ ಏಳಲಿಲ್ಲ.

ಅವರು ತಾಳಮದ್ದಳೆಯ ಅರ್ಥಧಾರಿ. ವೇಷವಿಲ್ಲ, ಕುಣಿತವಿಲ್ಲ; ಭಾಗವತರು ಪದ್ಯ ಹಾಡಿದ ಮೇಲೆ ಕುಳಿತಲ್ಲೇ ಅರ್ಥ ಹೇಳುತ್ತ, ಎದುರಿನವರನ್ನು ಮಾತಿನಲ್ಲೇ ಮಣಿಸುವುದು ಅವರ ಕೆಲಸ. ನಾನೂ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆದ್ದವಳು. ಹಾಗಾಗಿ ಅವರನ್ನು ಒಪ್ಪಿಸುವ ಕೆಲಸ ನನ್ನ ತಲೆಗೇ ಬಂತು.

"ಮಲಗೇ ಇದ್ರೆ ಬೆನ್ನೆಲ್ಲ ಹುಣ್ಣಾಗುತ್ತೆ ಅಜ್ಜ."

"ಎದ್ದು ಬಿದ್ರೆ ಇನ್ನೊಂದು ಕಾಲೂ ಹೋಗುತ್ತೆ. ಯಾವ್ದು ವಾಸಿ, ನೀನೇ ತೀರ್ಪು ಹೇಳು."

"ನಾವು ಹಿಡ್ಕೊಳ್ತೀವಲ್ಲ!"

"ಹಿಡ್ಕೊಳ್ಳೋರು ಬೇಕು ಅಂದ್ಮೇಲೆ ಅದು ನಡಿಗೆ ಹೆಂಗಾಯ್ತೇ?"

ವಾದದಲ್ಲಿ ಹುರುಳಿರಲಿಲ್ಲ, ಇದ್ದದ್ದು ಭಯ. ಆದರೆ ಭಯಕ್ಕೆ ಅಷ್ಟು ಚೆಂದದ ಮಾತು ಹೊದಿಸಿದರೆ ಎಳೆದು ತೆಗೆಯುವುದು ಹೇಗೆ? ಕಾಲು ದಿನದಿಂದ ದಿನಕ್ಕೆ ಸೊರಗುತ್ತಿತ್ತು. ಮಗ್ಗುಲು ತಿರುಗಿಸುವುದು, ಮೈ ಒರೆಸುವುದು, ಬೆನ್ನಿಗೆ ಪೌಡರ್ ಹಾಕುವುದು ಎಲ್ಲ ಅಜ್ಜಿಯೇ. ಅವರು ಒಮ್ಮೆಯೂ ವಾದಕ್ಕಿಳಿಯಲಿಲ್ಲ.

ಹೀಗೇ ಇರುವಾಗ ಒಂದು ಶನಿವಾರ ಬೆಳಿಗ್ಗೆ ನಮ್ಮಿಬ್ಬರ ಜಟಾಪಟಿ ಮತ್ತೆ ಶುರುವಾಗಿ, ಅಜ್ಜ ಭಾಷಣಕ್ಕೇ ಇಳಿದಿದ್ದರು. ದೋಸೆ ತಟ್ಟೆ ತೆಗೆಯಲು ಬಂದ ಅಜ್ಜಿ ಅದನ್ನು ಕವುಚಿ ಹಿಡಿದು, ಚಮಚದಲ್ಲಿ ಟಣ್ ಟಣ್ ಎಂದು ತಾಳ ಹಾಕುತ್ತ ಪದ್ಯವೊಂದನ್ನು ಎತ್ತಿಕೊಂಡರು. ಶ್ರುತಿ ಎಲ್ಲೋ, ಅಜ್ಜಿ ಎಲ್ಲೋ!

ಅಜ್ಜ ಅರ್ಧ ವಾಕ್ಯದಲ್ಲಿ ಬಾಯಿ ಮುಚ್ಚಿದರು. ಭಾಗವತರು ತಾಳ ತಟ್ಟಿ ಪದ್ಯ ಎತ್ತಿದರೆಂದರೆ ಎಂಥ ಅರ್ಥಧಾರಿಯೂ ಮಾತು ನಿಲ್ಲಿಸಬೇಕು. ತಾಳಮದ್ದಳೆಯ ಕ್ರಮವೇ ಅದು.

"ನಿಮ್ಮ ಅರ್ಥ ಮುಗೀತು. ಕಥೆ ಮುಂದೆ ಹೋಗ್ಬೇಕು, ಏಳಿ" ಎಂದರು ಅಜ್ಜಿ.

"ಅಲ್ವೇ, ನಾನಿನ್ನೂ..."

ಟಣ್!

ಅಜ್ಜನಿಗೆ ನಗು ಬಂತು. ಬಿದ್ದ ಮೇಲೆ ಅವರು ನಕ್ಕದ್ದನ್ನು ನಾನು ನೋಡಿಯೇ ಇರಲಿಲ್ಲ. "ಈ ಭಾಗವತಿಕೆ ಒಂದು ನಿಲ್ಸು ಮಾರಾಯ್ತಿ, ಏಳ್ತೀನಿ" ಎಂದು ವಾಕರ್‌ಗೆ ಕೈ ಚಾಚಿದರು. ಕಾಲು ಗಡಗಡ ನಡುಗಿತು. ಅಜ್ಜಿ ತಟ್ಟೆ ನನ್ನ ಕೈಗೆ ತುರುಕಿ ಅವರ ಸೊಂಟ ಹಿಡಿದರು. ಇಬ್ಬರೂ ಕಿಟಕಿಯವರೆಗೆ ಹೋಗಿ ಬಂದರು.

ಇದು ಹೇಗೆ ಹೊಳೆಯಿತು ಎಂದು ಆಮೇಲೆ ಕೇಳಿದೆ. "ಇವ್ರನ್ನ ಮಾತಲ್ಲಿ ಸೋಲಿಸಿದೋರನ್ನ ನಾ ಕಂಡಿಲ್ಲ. ತಾಳಮದ್ದಳೆಯೋರಿಗೆಲ್ಲ ಕಾಫಿ ಕೊಡ್ತಾ ನೋಡಿದೀನಲ್ಲ, ತಾಳ ಒಂದಕ್ಕೇ ಇವ್ರು ಬಗ್ಗೋದು" ಎಂದು ತಟ್ಟೆ ತೊಳೆಯಲು ಹೋದರು.

ಇದನ್ನು ಪವಾಡ ಎಂದರೆ ನಾನು ಈಗಲೂ ಒಪ್ಪುವುದಿಲ್ಲ. ಮೂಳೆ ಕೂಡಿಸಿದ್ದು ಡಾಕ್ಟರೇ. ಆದರೆ ಅಜ್ಜ ಇವತ್ತು ಕೋಲೂರಿಕೊಂಡು ಬಸ್ ಸ್ಟ್ಯಾಂಡಿನವರೆಗೆ ಹೋಗಿಬರುವುದಕ್ಕೆ ಆ ಒಂದು ಕಾರಣ ಸಾಲದು. ಚಳಿಯ ಬೆಳಿಗ್ಗೆ "ಇವತ್ತೊಂದಿನ ಬೇಡ, ಯಾಕಂದ್ರೆ..." ಎಂದು ಅವರು ಶುರು ಮಾಡಿದರೆ ಅಡುಗೆಮನೆಯಲ್ಲಿ ತಟ್ಟೆ ಟಣ್ ಎನ್ನುತ್ತದೆ. ಅಜ್ಜ ಗೊಣಗುತ್ತ ಕೋಲು ಹುಡುಕುತ್ತಾರೆ. ಕಪ್ ಗೆದ್ದ ನನಗೆ, ಆ ಸದ್ದು ಕೇಳಿದಾಗಲೆಲ್ಲ, ಅಜ್ಜಿಯ ಮೇಲೆ ಹೊಟ್ಟೆಕಿಚ್ಚು ಬೆರೆತ ಅಭಿಮಾನ.