ಬೀಗದ ಸಾಹೇಬರು ತೆರೆದ ಕರೆಯೋಲೆ

ಬೀಗದ ಸಾಹೇಬರ ಬಲಗೈ ಹೆಬ್ಬೆರಳಲ್ಲಿ ಗೆರೆಗಳೇ ಇರಲಿಲ್ಲ. ನಲವತ್ತು ವರ್ಷ ಅರ ಹಿಡಿದು ಕೀಲಿಕೈ ಉಜ್ಜಿ ಉಜ್ಜಿ ಚರ್ಮ ಹಿತ್ತಾಳೆಯಂತೆ ನುಣ್ಣಗಾಗಿತ್ತು. ಹೊಸದುರ್ಗದ ಅರ್ಧ ಊರಿನ ಬೀಗ ತೆರೆದ ಆ ಬೆರಳನ್ನು ಅವರದೇ ಫೋನು ಗುರುತು ಹಿಡಿಯುತ್ತಿರಲಿಲ್ಲ. "ನೋಡಪ್ಪ, ನನ್ ಮನೆ ಬಾಗ್ಲಾಗೆ ನಾನೇ ಕಳ್ಳ," ಎಂದು ನಗುತ್ತ ಅಂಕಿ ಒತ್ತಿ ತೆರೆಯುತ್ತಿದ್ದರು.

ಅಂಗಡಿ, ಅದರ ಹಿಂದೆಯೇ ಮನೆ. ನಮ್ಮ ಮನೆಯಿಂದ ಮೂರೇ ಬಾಗಿಲು ಆಚೆ. ಗುರುತಿಲ್ಲದವರು ಕೀಲಿಕೈ ತಂದು ಇನ್ನೊಂದು ಮಾಡಿಕೊಡಿ ಎಂದರೆ ಸಾಹೇಬರು ಒಡನೆ ಮಾಡುತ್ತಿರಲಿಲ್ಲ. ಆ ಮನೆಯ ತನಕ ನಡೆದು, ಪಕ್ಕದ ಮನೆಯವರನ್ನು "ಈ ಮನೆ ಇವರದೇನಾ?" ಎಂದು ಕೇಳಿ ಬಂದ ಮೇಲೆಯೇ ಅರ ಎತ್ತುತ್ತಿದ್ದದ್ದು. ಕೈಗೆ ಫೋನು ಬಂದಮೇಲೆ ಮೆಸೇಜಿಗೂ ಅದೇ ಕಾಯಿದೆ. ಕರೆಂಟು ಕಟ್ಟಾಗುತ್ತದೆ, ಖಾತೆ ನಿಲ್ಲುತ್ತದೆ, ಈಗಲೇ ಇದನ್ನು ಒತ್ತಿ ಎಂಬ ಮೆಸೇಜು ಬಂದವರೆಲ್ಲ ಅವರ ಅಂಗಡಿಗೆ ಓಡಿಬರುತ್ತಿದ್ದರು.

"ಒತ್ಬ್ಯಾಡ್ರಿ. ಕರೆಂಟಾಫೀಸು ಇಲ್ಲೇ ಐತೆ, ಹೋಗಿ ಕೇಳ್ರಿ. ಬಾಗ್ಲು ಬೇಗ ತೆಗಿ ಅಂತ ಅವಸರ ಮಾಡೋನು ಮನೆಯವನಲ್ಲ."

ಆಗ ನಾನು ಕಾಲೇಜಿನ ಚರ್ಚಾಪಟು. ಚಿತ್ರದುರ್ಗದ ಸ್ಪರ್ಧೆಯಲ್ಲಿ 'ಫೋನಿನ ವಂಚನೆಗೆ ಮೋಸ ಹೋದವರೇ ಹೊಣೆ' ಎಂಬ ವಿಷಯ ಬಂದಿತ್ತು. ನಾನು ಪರ. "ಒತ್ತುವ ಬೆರಳು ನಮ್ಮದು, ಆದ್ದರಿಂದ ತಪ್ಪೂ ನಮ್ಮದು" ಎಂದೆ. ಸಭಾಂಗಣ ಚಪ್ಪಾಳೆ ತಟ್ಟಿತು. ಗೆದ್ದ ಕಪ್ಪು ತಂದು ಸಾಹೇಬರಿಗೆ ತೋರಿಸಿ, ಆ ಮಾತನ್ನೂ ಒಪ್ಪಿಸಿದೆ. ಅವರು ಕಪ್ಪನ್ನು ತಲೆಕೆಳಗು ಮಾಡಿ ತಳ ನೋಡಿದರು.

"ಚೆನ್ನಾಗ್ ಮಾತಾಡಿದೀಯ. ಕಳ್ಳ ಅಲ್ಲಿ ಕುಂತಿದ್ದಿದ್ರೆ ಅವನೂ ಚಪ್ಪಾಳೆ ತಟ್ತಿದ್ದ."

ಒಂದು ವಾರ ಅವರ ಅಂಗಡಿ ಕಡೆ ಹೋಗಲಿಲ್ಲ ನಾನು.

ಮದುವೆಗಳ ತಿಂಗಳು ಬಂತು. ಊರಾಚೆಯ ಹಟ್ಟಿಯಲ್ಲಿ ಕುರಿ ಸಾಕುತ್ತಿದ್ದ ಅವರ ಬಾಲ್ಯದ ಗೆಳೆಯರೊಬ್ಬರ ಮಗಳಿಗೂ ಮದುವೆ ಗೊತ್ತಾಗಿತ್ತು. ಬೀದಿಯವರಿಗೆಲ್ಲ ಕಾರ್ಡು ಬಂದಿತ್ತು, ಸಾಹೇಬರಿಗೆ ಮಾತ್ರ ಇಲ್ಲ. ಅವರು ಬೀದಿಯಲ್ಲಿ ಕಂಬಳಿ ಹೊದ್ದವರು ಕಂಡಾಗೆಲ್ಲ ತಲೆ ಎತ್ತಿ ನೋಡುತ್ತಿದ್ದರು. ಒಂದು ಮಧ್ಯಾಹ್ನ ಗೆಳೆಯನ ನಂಬರಿನಿಂದಲೇ ಮೆಸೇಜು ಬಂತು: 'ನಮ್ಮ ಮನೆ ಮದುವೆ, ತಪ್ಪದೆ ಬನ್ನಿ, ಕರೆಯೋಲೆಗೆ ಇಲ್ಲಿ ಒತ್ತಿ.' ಅವರ ಮುಖ ಅರಳಿತು.

"ಒಂದು ಫೋನು ಮಾಡಿ ಕೇಳ್ರಿ ಸಾಹೇಬ್ರೇ, ನಿಮ್ಮದೇ ಕಾಯಿದೆ," ಎಂದೆ.

"ಕರೆದೋರ್ನ ನಿಜವಾಗ್ಲೂ ಕರೆದ್ಯಾ ಅಂತ ಕೇಳೋಕಾಗ್ತದೇನೋ? ಮಾನ ಇರೋರು ಕೇಳೋ ಮಾತಾ ಅದು?"

ಸೋಲಲೇಬಾರದಿದ್ದ ವಾದವನ್ನೇ ಸೋತೆ. ಅವರು ಒತ್ತಿದರು. ಯಾವ ಕರೆಯೋಲೆಯೂ ತೆರೆಯಲಿಲ್ಲ.

ಸಂಜೆಯೊಳಗೆ ಅದೇ ಕರೆಯೋಲೆ ಅವರ ನಂಬರಿನಿಂದ ಅವರ ಫೋನಿನಲ್ಲಿದ್ದ ಎಲ್ಲರಿಗೂ ಹೋಯಿತು. ಗೆಳೆಯನ ಫೋನಿಗೂ ಹೀಗೇ ಕಳ್ಳ ಹೊಕ್ಕಿದ್ದನೆಂದು ಆಮೇಲೆ ತಿಳಿಯಿತು. ಸಾಹೇಬರೇ ಕಳಿಸಿದ್ದಾರೆ, ಇನ್ನೇನು ಭಯ ಎಂದು ಒತ್ತಿದವರು ಹಲವರು. ಕೆಲವರ ಖಾತೆ ಬರಿದಾಯಿತು. ಸಾಹೇಬರದೂ.

ಮರುದಿನ ಅಂಗಡಿ ಮುಂದೆ ಜನ. "ಬೀಗ ಮಾಡೋನೇ ಕನ್ನ ಹಾಕಿದ್ರೆ ಯಾರಿಗ್ ಹೇಳಾಣ?" ಎಂದನೊಬ್ಬ. ಊರಿಗೆ ಹೋಗುವಾಗ ಮನೆಯ ಕೀಲಿಕೈಯನ್ನೇ ಅವರ ಕೈಗೆ ಕೊಟ್ಟು ಹೋಗುತ್ತಿದ್ದವರು ಬೇರೆ ಅಂಗಡಿಯಿಂದ ಹೊಸ ಬೀಗ ತಂದು ಹಾಕಿದರು. ಕೀಲಿಕೈ ಮಾಡುವವನಿಗೆ ನಂಬಿಕೆಯ ಹೊರತು ಬೇರೆ ಬಂಡವಾಳವಿಲ್ಲ. ಅದು ಹೋದರೆ ಅರ ಬರೀ ಕಬ್ಬಿಣ. ದೂರು ಕೊಡಲು ಹೋದಲ್ಲೆಲ್ಲ ಒಂದೇ ಪ್ರಶ್ನೆ: "ನೀವ್ಯಾಕ್ರಿ ಒತ್ತಿದ್ರಿ?" ನಾನು ಕಪ್ಪು ಗೆದ್ದ ಮಾತು ಎಲ್ಲರ ಬಾಯಲ್ಲೂ ಇತ್ತು. ಕಳಿಸಿದವನು ಯಾರು, ಅವನನ್ನು ಹಿಡಿಯುವವರು ಯಾರು ಎಂದು ಒಬ್ಬನಾದರೂ ಕೇಳಬೇಡವೇ? ಮುದುಕನ ಬೆರಳಿನ ವಿಚಾರಣೆಗೆ ಇಡೀ ಊರಿಗೆ ಪುರುಸೊತ್ತಿತ್ತು.

ಸಾಹೇಬರು ವಾದಿಸಲಿಲ್ಲ. ಫೋನು ಆರಿಸಿ, ನಂಬರು ಬರೆದಿಟ್ಟಿದ್ದ ಹಳೆಯ ಪುಸ್ತಕ ಜೇಬಿಗಿಟ್ಟು, ಮೂರು ದಿನ ಮನೆ ಮನೆ ತಿರುಗಿದರು. ಬಸ್ಸು ಹತ್ತಿ ಭರಮಸಾಗರಕ್ಕೂ ಧರ್ಮಪುರಕ್ಕೂ ಹೋದರು. ನಾನು ಜೊತೆಗಿದ್ದೆ. ಪ್ರತಿ ಹೊಸ್ತಿಲ ಹೊರಗೂ ಅದೇ ಮಾತು: "ನಾನ್ ಕಳ್ಸಿಲ್ಲ, ತೆಗೀಬ್ಯಾಡ್ರಿ. ತೆಗೆದಿದ್ರೆ ಈಗ್ಲೇ ಬ್ಯಾಂಕಿಗ್ ಹೇಳ್ರಿ." ಎಷ್ಟೋ ಮನೆಗಳಲ್ಲಿ ಕುಂತ್ಕಳ್ರಿ ಎನ್ನಲಿಲ್ಲ. ನಾನು ಜಗಳಕ್ಕೆ ಬಾಯಿ ತೆರೆದರೆ ತಡೆಯುತ್ತಿದ್ದರು. "ಸುಮ್ನಿರಲೇ. ಬಾಗ್ಲು ತೆಗ್ದವ್ರೆ, ಅಷ್ಟು ಸಾಕು."

ನಾಲ್ಕನೆಯ ದಿನ ಹಟ್ಟಿಯ ಆ ಗೆಳೆಯರೇ ಬಂದರು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಮೂಲೆಗೆ ಅರಿಸಿನ ಹಚ್ಚಿದ ಕಾರ್ಡು, ಸಕ್ಕರೆ ಪೊಟ್ಟಣ. ವಿಷಯ ಅವರ ಕಿವಿಗೆ ಬಿದ್ದಾಗಿತ್ತು.

"ಲೇ ಸಾಹೇಬ, ನಾನ್ ನಿನ್ನ ಫೋನಾಗೆ ಕರೀತೀನೇನಲೇ? ಊರ್ನೋರಿಗೆಲ್ಲ ಕೊಟ್ಟು, ಕೊನೀಗೆ ನಿನ್ನ ಹತ್ರ ಕುಂತು ಕರೆಯಾಣ ಅಂತಿದ್ದೆ. ಇಷ್ಟೇನಾ ನೀನ್ ನನ್ನ ತಿಳ್ಕಂಡಿರೋದು?"

ಸಾಹೇಬರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಖಾತೆ ಬರಿದಾದಾಗ, ಕಳ್ಳ ಎನಿಸಿಕೊಂಡಾಗ ಬಾರದ ಅಳು ಆಗ ಬಂತು. ಗೆಳೆಯರು ಪಕ್ಕದಲ್ಲಿ ಕೂತು, ಪೊಟ್ಟಣ ಬಿಚ್ಚಿ ಅವರ ಬಾಯಿಗೆ ಸಕ್ಕರೆ ಹಾಕಿದರು.

ಕಳೆದ ಚಳಿಗಾಲ ಗುರುತಿಲ್ಲದ ನಂಬರಿನಿಂದ ನನಗೊಂದು ಮೆಸೇಜು ಬಂತು: 'ಬೀಗದ ಸಾಹೇಬರು ಇನ್ನಿಲ್ಲ.' ಕೆಳಗೆ ಒತ್ತಲು ಏನೋ ಇತ್ತು. ಒತ್ತಲಿಲ್ಲ. ಮೂರು ಬಾಗಿಲು ದಾಟಿ, ಸಾಹೇಬರ ಪಕ್ಕದ ಮನೆಯ ಅಮ್ಮನನ್ನು ನಿಜವೇ ಎಂದು ಕೇಳಿದೆ. ಸುಳ್ಳಾಗಿರಲಿ ಎಂದು ನಾನು ಬಯಸಿದ ಮೆಸೇಜು ಅದೊಂದೇ.

"ಹೌದು ಕಣಪ್ಪ," ಎಂದರು ಆಕೆ.

ಅಂಗಳದಲ್ಲಿ ನಿಂತವರಲ್ಲಿ ಯಾರೋ, "ಪಾಪ, ಒಳ್ಳೇರು. ಅವತ್ತೊಂದಿನ ಅದನ್ನ ಒತ್ತಬಾರ್ದಾಗಿತ್ತು," ಎಂದರು.

"ಕಳಿಸಿದವನು ಕಳಿಸಬಾರದಾಗಿತ್ತು," ಎಂದೆ.

ಯಾರೂ ಚಪ್ಪಾಳೆ ತಟ್ಟಲಿಲ್ಲ.